ಮೂರು ವರ್ಷ ಬಳಸಿದ ಮೇಲೆ: ಹ್ಯಾಸ್ಕೆಲ್ ಭಾಷೆಯ ಜಿಎಚ್‌ಸಿ ಕಂಪೈಲರ್

ಹನುಮಂತನಗರದ ಒಂದು ಪತ್ತಿನ ಸಹಕಾರ ಸಂಘದ ಸಾಲ, ಕಂತು ಮತ್ತು ಬಡ್ಡಿಯ ಲೆಕ್ಕ ನೋಡಿಕೊಳ್ಳುವ ಪ್ರೋಗ್ರಾಂ ಅನ್ನು ಮೂರು ವರ್ಷಗಳ ಹಿಂದೆ ನಾನು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದುಕೊಟ್ಟೆ. ಇಂದಿಗೂ ಅದರ ಉಸ್ತುವಾರಿ ನನ್ನದೇ. ನಾವು ಬರೆದ ಕೋಡನ್ನು ಗಣಕ ನಡೆಸಬಲ್ಲ ಸೂಚನೆಗಳಾಗಿ ಬದಲಾಯಿಸುವ ತಂತ್ರಾಂಶವೇ ಕಂಪೈಲರ್; ಆ ಭಾಷೆಯ ಮುಖ್ಯ ಕಂಪೈಲರ್ ಜಿಎಚ್‌ಸಿ, ಅಂದರೆ ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್. ಫಂಕ್ಷನಲ್ ಪ್ರೋಗ್ರಾಮಿಂಗ್ ಅಂದರೆ ಇಡೀ ಪ್ರೋಗ್ರಾಂ ಅನ್ನು, ಕೊಟ್ಟದ್ದರಿಂದ ಉತ್ತರ ಹೊರಡಿಸುವ ಫಂಕ್ಷನ್ ಎಂಬ ತುಣುಕುಗಳಿಂದ ಕಟ್ಟುವ ಶೈಲಿ; ಆ ಮಾತನ್ನು ಬೆಂಗಳೂರಿನ ಕಚೇರಿಗಳಲ್ಲಿ ಈಗ ಎಲ್ಲರೂ ಕೇಳಿರುತ್ತಾರೆ, ಆದರೆ ಅದನ್ನು ಪೂರ್ತಿಯಾಗಿ ನಂಬಿ ಕಟ್ಟಿದ ಉಪಕರಣವೊಂದನ್ನು ದಿನನಿತ್ಯದ ಲೆಕ್ಕಪತ್ರಕ್ಕೆ ಬಳಸಿದವರು ಕಡಿಮೆ. ಆದ್ದರಿಂದ ಈ ವಿಮರ್ಶೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಸೈಮನ್ ಪೇಟನ್ ಜೋನ್ಸ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಒಂದು ಕಂಪೈಲರ್‌ಗೆ ಕೊಟ್ಟಿದ್ದಾರೆ. ಅವರು ಯಾವ ಹಟಕ್ಕಾಗಿ ಅಷ್ಟು ವರ್ಷ ಕೂತರು ಎಂಬುದು ತಿಳಿಯದಿದ್ದರೆ ಇದರ ಗುಣವೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ.

ಮೊದಲು, ನಾನು ಇದರ ಕಡೆಗೆ ಬಂದ ಕಾರಣ. ಸಂಘದಲ್ಲಿ ಮುಂಚೆ ಬೇರೊಬ್ಬರು ಕೊಟ್ಟಿದ್ದ ಸಾಫ್ಟ್‌ವೇರ್ ಇತ್ತು. ಒಂದು ವರ್ಷ ಲೆಕ್ಕಪರಿಶೋಧನೆಗೆ ಬಂದವರು ಹಿಂದಿನ ವರ್ಷದ ನಾಲ್ಕು ಸದಸ್ಯರ ಬಡ್ಡಿ ಪಟ್ಟಿಯನ್ನು ಮತ್ತೊಮ್ಮೆ ಮುದ್ರಿಸಿ ಕೊಡಿ ಎಂದು ಕೇಳಿದರು. ಮುದ್ರಿಸಿದಾಗ ನಾಲ್ಕರಲ್ಲಿ ಮೂರು ಪಟ್ಟಿಗಳ ಮೊತ್ತ ಮೊದಲು ಕೊಟ್ಟಿದ್ದ ಪಟ್ಟಿಗಿಂತ ಬೇರೆ ಬಂತು. ಗುಮಾಸ್ತರು ಬೆವರಿದರು, ಕಾರ್ಯದರ್ಶಿಗಳು ಕೈಬರಹದ ಲೆಡ್ಜರ್ ತೆಗೆದು ಒಂದೊಂದೇ ಸಾಲು ತಾಳೆ ನೋಡುತ್ತ ಸಂಜೆಯವರೆಗೆ ಕೂತರು. ಪಕ್ಕದ ಬೀದಿಯವನೆಂದು ನನ್ನನ್ನು ಕರೆಸಿದ್ದರು. ಕೋಡ್ ತೆರೆದು ನೋಡಿದರೆ, ಬಡ್ಡಿ ಲೆಕ್ಕ ಹಾಕುವ ಫಂಕ್ಷನ್ನಿನ ಒಳಗೆ, ಏಳೆಂಟು ಹಂತ ಕೆಳಗೆ, ಯಾರೋ ಗಣಕದ ಇಂದಿನ ದಿನಾಂಕವನ್ನು ಓದಿಕೊಂಡಿದ್ದರು. ಅಸಲು ಅದೇ, ದರ ಅದೇ, ಅವಧಿ ಅದೇ. ಆದರೂ ಫಂಕ್ಷನ್ನಿನ ಹೊರಗಿನಿಂದ ಕಾಣದ ಇನ್ನೊಂದು ವಸ್ತು ಉತ್ತರವನ್ನು ಬದಲಾಯಿಸುತ್ತಿತ್ತು.

ಹ್ಯಾಸ್ಕೆಲ್‌ನಲ್ಲಿ ಈ ತಪ್ಪನ್ನು ಹೀಗೆ ಸದ್ದಿಲ್ಲದೆ ಮಾಡಲು ಬರುವುದಿಲ್ಲ. ಫಂಕ್ಷನ್ ಒಂದು ತನಗೆ ಕೊಟ್ಟದ್ದನ್ನು ಮಾತ್ರ ನೋಡಬಹುದು. ಗಡಿಯಾರ, ಕಡತ, ಡೇಟಾಬೇಸ್, ಪ್ರಿಂಟರ್ ಹೀಗೆ ಹೊರಜಗತ್ತಿನ ಯಾವುದನ್ನು ಮುಟ್ಟಬೇಕಾದರೂ ಅದರ ಟೈಪಿನಲ್ಲಿಯೇ, ಅಂದರೆ ಅದು ಏನು ತೆಗೆದುಕೊಂಡು ಏನು ಕೊಡುತ್ತದೆಂದು ಹೇಳುವ ಸಾಲಿನಲ್ಲಿಯೇ, ಐಒ (ಇನ್‌ಪುಟ್-ಔಟ್‌ಪುಟ್) ಎಂಬ ಗುರುತು ಬರಬೇಕು, ಅದನ್ನು ಕರೆಯುವ ಫಂಕ್ಷನ್ನಿಗೂ ಅದೇ ಗುರುತು ಅಂಟಬೇಕು. ನನ್ನ ಪ್ರೋಗ್ರಾಂನಲ್ಲಿ ಬಡ್ಡಿಯ ಫಂಕ್ಷನ್ನಿಗೆ ಆ ಗುರುತಿಲ್ಲ. ಆದ್ದರಿಂದ ಅದರ ಒಳಗೆ ಎಷ್ಟೇ ಹಂತ ಕೆಳಗಿಳಿದರೂ ಇಂದಿನ ದಿನಾಂಕ ನುಸುಳುವುದಿಲ್ಲ; ದಿನಾಂಕ ಬೇಕಿದ್ದರೆ ಕರೆಯುವವರೇ ಕೈಗೆ ಕೊಡಬೇಕು. ಅಪಾಯಕಾರಿ ಎಂದು ಹೆಸರಿನಲ್ಲೇ ಎಚ್ಚರಿಸುವ ಒಂದು ವಿಶೇಷ ಫಂಕ್ಷನ್ನನ್ನು ಯಾರೂ ಬಳಸದಿದ್ದರೆ, ಟೈಪಿನ ಆ ಒಂದು ಸಾಲನ್ನು ಓದಿದರೆ ಸಾಕು, ಉಳಿದ ಕೋಡ್ ಓದದೆಯೂ ಆ ಭರವಸೆ ಸಿಗುತ್ತದೆ. ಕಳೆದ ಮೂರು ಲೆಕ್ಕಪರಿಶೋಧನೆಗಳಲ್ಲಿ ಹಳೆಯ ಪಟ್ಟಿಗಳನ್ನು ಎಷ್ಟು ಸಲ ಮುದ್ರಿಸಿದರೂ ಪೈಸೆಗೆ ಪೈಸೆ ಹೊಂದಿವೆ. ಈ ಕಂಪೈಲರ್ ಬಗ್ಗೆ ನನಗಿರುವ ಮೊದಲ ಮತ್ತು ದೊಡ್ಡ ಮೆಚ್ಚುಗೆ ಇದೇ.

ಈ ಕಟ್ಟುನಿಟ್ಟು ಸುಲಭಕ್ಕೆ ಬಂದದ್ದಲ್ಲ. ಜಾನ್ ಬ್ಯಾಕಸ್ ತಮಗೆ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ 1977ರ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದಲ್ಲಿ, ಒಂದೊಂದೇ ಮೌಲ್ಯವನ್ನು ಮೆಮೊರಿಗೆ ತುಂಬುತ್ತ ಅಳಿಸುತ್ತ ಹೋಗುವ ಪ್ರೋಗ್ರಾಮಿಂಗ್ ಶೈಲಿಯಿಂದ ಬಿಡುಗಡೆ ಬೇಕು ಎಂದು ವಾದಿಸಿದ್ದರು. ಅದೇ ಶೈಲಿಯ ಫಾರ್ಟ್ರಾನ್ ಭಾಷೆಯನ್ನು ಕಟ್ಟಿದ ವ್ಯಕ್ತಿಯೇ ಹಾಗೆ ಹೇಳಿದ್ದು ಆಗ ಕೇಂಬ್ರಿಡ್ಜ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಪೇಟನ್ ಜೋನ್ಸ್ ಅವರನ್ನು ಬಹಳವಾಗಿ ಸೆಳೆಯಿತು. ಅವರು 1980ರಲ್ಲಿ ಪದವಿ ಮುಗಿಸಿ, ಎರಡು ವರ್ಷ ಕಂಪನಿಯೊಂದರಲ್ಲಿ ದುಡಿದು, ಪಿಎಚ್‌ಡಿ ಇಲ್ಲದೆಯೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಪನ್ಯಾಸಕರಾದರು. ಮುಂದೆ ಪ್ರೊಫೆಸರ್ ಆದದ್ದೂ ಪಿಎಚ್‌ಡಿ ಇಲ್ಲದೆಯೇ. ಬೆಂಗಳೂರಿನಲ್ಲಿ ಪದವಿಪತ್ರಗಳ ಬಗ್ಗೆ ಎಷ್ಟು ಚಿಂತೆ ಇದೆಯೆಂದು ಬಲ್ಲ ನಾನು ಈ ಸಂಗತಿಯನ್ನು ಪರಿಚಯದ ವಿದ್ಯಾರ್ಥಿಗಳಿಗೆ ಹೇಳದೆ ಇರುವುದಿಲ್ಲ.

ಆ ಹೊತ್ತಿಗೆ ಇದೇ ಬಗೆಯ ಭಾಷೆಗಳು ಹನ್ನೆರಡಕ್ಕಿಂತ ಹೆಚ್ಚಾಗಿದ್ದವು, ಪ್ರತಿ ಸಂಶೋಧನಾ ಗುಂಪಿಗೂ ತನ್ನದೇ ಒಂದು. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ನಡೆದ ಸಮ್ಮೇಳನದ ನಡುವೆ ಕೆಲವರು ಕೂಡಿ, ಎಲ್ಲರಿಗೂ ಒಪ್ಪಿಗೆಯಾಗುವ ಒಂದೇ ಭಾಷೆಯನ್ನು ರೂಪಿಸೋಣ ಎಂದು ತೀರ್ಮಾನಿಸಿದರು. ಅದಕ್ಕೆ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿಟ್ಟರು. ಭಾಷೆಯ ಮೊದಲ ವರದಿ ಹೊರಬಂದದ್ದು 1990ರ ಏಪ್ರಿಲ್ 1ರಂದು. ಪೇಟನ್ ಜೋನ್ಸ್ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಹೋಗಿ, ಕೆವಿನ್ ಹ್ಯಾಮಂಡ್, ಕಾರ್ಡೀಲಿಯಾ ಹಾಲ್, ವಿಲ್ ಪಾರ್ಟೇನ್, ಫಿಲಿಪ್ ವಾಡ್ಲರ್ ಮೊದಲಾದವರೊಡನೆ ಅಲ್ಲಿ ಕಟ್ಟಿದ ಕಂಪೈಲರ್ ಇದು. ಹೆಸರಿನಲ್ಲಿ ಊರು ಉಳಿದದ್ದು ಹಾಗೆ.

ಆದರೆ ಒಂದು ದೊಡ್ಡ ತೊಡಕಿತ್ತು. ಹೊರಜಗತ್ತನ್ನು ಮುಟ್ಟದ ಭಾಷೆಯಲ್ಲಿ ಒಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದಾದರೂ ಹೇಗೆ? ಆರಂಭದ ಹ್ಯಾಸ್ಕೆಲ್ ಇದಕ್ಕೆ ಬಳಸಿದ ಉಪಾಯಗಳು ಬಹಳ ತ್ರಾಸದಾಯಕವಾಗಿದ್ದವು. ಹೋಗಲಿ ಎಂದು ಎಲ್ಲ ಫಂಕ್ಷನ್ನುಗಳಿಗೂ ಒಂದು ಕಳ್ಳಬಾಗಿಲು ಇಟ್ಟಿದ್ದರೆ ಕೆಲಸ ಅಂದೇ ಸಲೀಸಾಗುತ್ತಿತ್ತು, ಬಹಳ ಭಾಷೆಗಳು ಹಾಗೆಯೇ ಮಾಡಿವೆ. ಇವರು ಅದಕ್ಕೆ ಒಪ್ಪದೆ ವರ್ಷಗಟ್ಟಲೆ ಕಷ್ಟಪಟ್ಟರು. ಕೊನೆಗೆ ಯುಜೀನಿಯೋ ಮೋಗಿ ಅವರು ಭಾಷೆಗಳ ಅರ್ಥವಿಚಾರಕ್ಕೆಂದು ಗಣಿತದಿಂದ ತಂದಿದ್ದ ಮೊನ್ಯಾಡ್ ಎಂಬ, ಕೆಲಸಗಳನ್ನು ಒಂದರ ಹಿಂದೊಂದು ಜೋಡಿಸುವ ಕಲ್ಪನೆಯನ್ನು ವಾಡ್ಲರ್ ಪ್ರೋಗ್ರಾಮಿಂಗ್‌ಗೆ ಇಳಿಸಿದರು. 1993ರಲ್ಲಿ ಪೇಟನ್ ಜೋನ್ಸ್ ಮತ್ತು ವಾಡ್ಲರ್ ಸೇರಿ ಬರೆದ ಪ್ರಬಂಧ, ಇದೇ ಕಲ್ಪನೆಯಿಂದ ಓದುವ-ಬರೆಯುವ ಕೆಲಸವನ್ನು ಭಾಷೆಯ ಶುದ್ಧಿ ಕೆಡಿಸದೆ ಮಾಡುವ ದಾರಿಯನ್ನು ತೋರಿಸಿತು. ನಮ್ಮ ಸಂಘದ ಹಳೆಯ ಪಟ್ಟಿ ಇವತ್ತು ತಾಳೆಯಾಗುವುದರ ಮೂಲ ಆ ಪ್ರಬಂಧದಲ್ಲಿದೆ. ಹ್ಯಾಸ್ಕೆಲ್ ಬಳಗದಲ್ಲಿ ಪ್ರಚಲಿತವಾಗಿರುವ ‘ಅವಾಯ್ಡ್ ಸಕ್ಸೆಸ್ ಅಟ್ ಆಲ್ ಕಾಸ್ಟ್ಸ್’ ಎಂಬ ಘೋಷವಾಕ್ಯವನ್ನು ಎರಡು ರೀತಿಯಲ್ಲಿ ಓದಬಹುದು: ಏನೇ ಆದರೂ ಯಶಸ್ಸು ಬೇಡ ಎಂದೂ ಆಗುತ್ತದೆ, ಏನನ್ನು ಬೇಕಾದರೂ ಬಿಟ್ಟುಕೊಟ್ಟು ಪಡೆಯುವ ಯಶಸ್ಸು ಬೇಡ ಎಂದೂ ಆಗುತ್ತದೆ. ನಾನು ಎರಡನೆಯ ಅರ್ಥವನ್ನೇ ನಂಬುತ್ತೇನೆ.

ಇನ್ನು ಟೈಪುಗಳ, ಅಂದರೆ ಮೌಲ್ಯಗಳ ಬಗೆಗಳ ವಿಷಯ. ನನ್ನ ಕೋಡ್‌ನಲ್ಲಿ ರೂಪಾಯಿ ಒಂದು ಟೈಪು, ಪೈಸೆ ಇನ್ನೊಂದು ಟೈಪು. ಒಳಗೆ ಎರಡೂ ಬರಿಯ ಪೂರ್ಣಾಂಕಗಳೇ, ಪ್ರೋಗ್ರಾಂ ಓಡುವಾಗ ಈ ಭೇದಕ್ಕೆ ಯಾವ ಹೆಚ್ಚುವರಿ ವೆಚ್ಚವೂ ಇಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಜಿಎಚ್‌ಸಿ 83865 ಎಂಬ ಸಂಖ್ಯೆಯ ದೋಷ ತೋರಿಸಿ, ಇಲ್ಲಿ ಪೈಸೆ ಬೇಕಿತ್ತು, ನೀವು ರೂಪಾಯಿ ಕೊಟ್ಟಿದ್ದೀರಿ ಎಂದು ಸಾಲು, ಅಕ್ಷರದ ಸ್ಥಾನ ಸಮೇತ ಹೇಳಿ ನಿಂತುಬಿಡುತ್ತದೆ. ಮೊತ್ತವನ್ನು ಮೊತ್ತದಿಂದ ಗುಣಿಸುವುದಕ್ಕೆ ಅರ್ಥವಿಲ್ಲವಾದ್ದರಿಂದ ನಾನು ಕೂಡುವುದು, ಕಳೆಯುವುದು ಎರಡನ್ನು ಮಾತ್ರ ಕೊಟ್ಟಿದ್ದೇನೆ. ಯಾರಾದರೂ ರೂಪಾಯಿಯನ್ನು ರೂಪಾಯಿಯಿಂದ ಗುಣಿಸಲು ಹೋದರೆ ಆ ಕೋಡ್ ಕಂಪೈಲ್ ಆಗುವುದೇ ಇಲ್ಲ.

ಭಿನ್ನರಾಶಿಗಳನ್ನು ಭಾಷೆಯೇ ಒದಗಿಸುವುದು ಲೆಕ್ಕಪತ್ರದವರಿಗೆ ದೊಡ್ಡ ಉಪಕಾರ. ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ ಬಹುತೇಕ ಭಾಷೆಗಳಂತೆ ಇಲ್ಲಿಯೂ 0.30000000000000004 ಬರುತ್ತದೆ, ಏಕೆಂದರೆ ಗಣಕ ಆ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಡುತ್ತದೆ. ಭಿನ್ನರಾಶಿಯಲ್ಲಿ ಬರೆದರೆ ಆ ತಂಟೆಯಿಲ್ಲ. ಉದಾಹರಣೆಗೆ 40,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡೂವರೆಯಂತೆ 73 ದಿನದ ಬಡ್ಡಿ: ಹನ್ನೆರಡೂವರೆ ಅಂದರೆ ಎಂಟನೇ ಒಂದು, 365ರಲ್ಲಿ 73 ಅಂದರೆ ಐದನೇ ಒಂದು, ಉತ್ತರ ಸರಿಯಾಗಿ 1,000. ಪರದೆಯ ಮೇಲೆ ಅದು ‘1000 % 1’ ಎಂದು ಮೂಡುತ್ತದೆ, ಏಕೆಂದರೆ ಹ್ಯಾಸ್ಕೆಲ್‌ನಲ್ಲಿ ಆ ಚಿಹ್ನೆ ಶೇಕಡಾ ಅಲ್ಲ, ಭಿನ್ನರಾಶಿಯ ಅಡ್ಡಗೆರೆ. ಮೊದಲ ದಿನ ಅದನ್ನು ನೋಡಿದ ಕಾರ್ಯದರ್ಶಿಗಳು ಸಾವಿರಕ್ಕೆ ಒಂದು ಪರ್ಸೆಂಟ್ ಎಂದು ಓದಿ ಗಾಬರಿಯಾಗಿದ್ದರು.

ಕೊನೆಗೆ ರೂಪಾಯಿಗೆ ಸರಿಹೊಂದಿಸುವಾಗ ಎಡವಿದವನು ನಾನೇ. ಪರೀಕ್ಷೆಗೆಂದು ಹೊಸ ಪ್ರೋಗ್ರಾಂ ಮತ್ತು ಕೈಬರಹದ ಲೆಡ್ಜರ್ ಎರಡನ್ನೂ ಒಂದು ತಿಂಗಳು ಜೊತೆಯಾಗಿ ನಡೆಸಿದೆವು. ತಿಂಗಳ ಕೊನೆಗೆ ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ಎರಡು ಸಾಲಿಗೆ ಗೀಟು ಹಾಕಿ, ‘ನೋಡಪ್ಪ, ಐವತ್ತು ಪೈಸೆ ಬಂದ್ರೆ ಮೇಲಕ್ಕೆ ಹಾಕೋದು ನಮ್ಮ ಪದ್ಧತಿ. ನಿನ್ನ ಮೆಷಿನ್ನು ಒಂದ್ಸಲ ಮೇಲಕ್ಕೆ ಹಾಕತ್ತೆ, ಇನ್ನೊಂದ್ಸಲ ಕೆಳಕ್ಕೆ ಹಾಕತ್ತೆ’ ಎಂದರು. ಒಂದು ಸಾಲಿನಲ್ಲಿ 1,207.50 ಇದ್ದದ್ದು 1,208 ಆಗಿತ್ತು, ಇನ್ನೊಂದರಲ್ಲಿ 1,206.50 ಇದ್ದದ್ದು 1,206 ಆಗಿತ್ತು. ಹ್ಯಾಸ್ಕೆಲ್‌ನ ರೌಂಡ್ ಎಂಬ ಫಂಕ್ಷನ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಯಾವಾಗಲೂ ಮೇಲಕ್ಕೇ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆಂಬ ಕಾರಣಕ್ಕೆ ಇರುವ ಕ್ರಮ ಅದು, ಭಾಷೆಯ ವರದಿಯಲ್ಲಿ ಸ್ಪಷ್ಟವಾಗಿ ಬರೆದೂ ಇದೆ. ನಾನು ಓದಿರಲಿಲ್ಲ. ಸಂಘದ ಪದ್ಧತಿಯಂತೆ ನಾಲ್ಕು ಸಾಲಿನ ಬೇರೆ ಫಂಕ್ಷನ್ ಬರೆದು ಆ ತಪ್ಪನ್ನು ತಿದ್ದಿದೆ. ಹಣದ ಲೆಕ್ಕಕ್ಕೆ ಹ್ಯಾಸ್ಕೆಲ್ ಹಿಡಿಯುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಕನ್ನಡದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ರಸೀದಿಗಳೆಲ್ಲ ಕನ್ನಡದಲ್ಲಿವೆ. ಪ್ರಿಂಟ್ ಎಂಬ ಫಂಕ್ಷನ್ನಿಗೆ ‘ಕನ್ನಡ’ ಎಂಬ ಪದ ಕೊಟ್ಟರೆ ಪರದೆಯ ಮೇಲೆ ಕನ್ನಡ ಬರುವುದಿಲ್ಲ. 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು ಓರೆಗೆರೆಗಳ ನಡುವೆ ಬರುತ್ತವೆ. ಅವು ಕ, ನ, ಹಲಂತ ಚಿಹ್ನೆ (್), ನ, ಡ ಇವುಗಳಿಗೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿರುವ ಸ್ಥಾನಗಳು. ಪದದ ಉದ್ದ ಕೇಳಿದರೂ ಐದು ಎನ್ನುತ್ತದೆ, ನಾವು ಎಣಿಸುವ ಅಕ್ಷರ ಮೂರೇ ಆದರೂ. ಪಠ್ಯವನ್ನು ಇದ್ದಂತೆ ಬರೆಯುವ ಬೇರೆ ಫಂಕ್ಷನ್ ಇದೆ, ಅದನ್ನು ಬಳಸಿ, ಹೊರಹೋಗುವ ಪಠ್ಯದ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಯುಟಿಎಫ್-8 ಎಂದು ಪ್ರೋಗ್ರಾಂನ ಮೊದಲ ಸಾಲಿನಲ್ಲಿಯೇ ಹೇಳಿಬಿಟ್ಟರೆ ರಸೀದಿ ಚೆನ್ನಾಗಿ ಬರುತ್ತದೆ. ಹೇಳದಿದ್ದರೆ ಕೆಲವು ಗಣಕಗಳಲ್ಲಿ ಪ್ರೋಗ್ರಾಂ ಮಧ್ಯದಲ್ಲೇ ಬಿದ್ದುಹೋಗುತ್ತದೆ. ನನಗೆ ನಿಜಕ್ಕೂ ಬೇಸರ ತಂದದ್ದು ಇನ್ನೊಂದು: ಟೈಪುಗಳ ಹೆಸರು ದೊಡ್ಡಕ್ಷರದಿಂದಲೇ ಆರಂಭವಾಗಬೇಕು ಎಂಬುದು ಭಾಷೆಯ ನಿಯಮ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ, ಹಾಗಾಗಿ ರೂಪಾಯಿ ಎಂಬ ಟೈಪನ್ನು ಕನ್ನಡದ ‘ರೂ’ ಅಕ್ಷರದಿಂದ ಆರಂಭಿಸಲು ಆಗುವುದೇ ಇಲ್ಲ. ರೋಮನ್ ಲಿಪಿಯಲ್ಲಿ ಬರೆಯಬೇಕಾಯಿತು.

ದೋಷಗಳಲ್ಲಿ ಮುಖ್ಯವಾದದ್ದು ನಿಧಾನ. ನನ್ನದು 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್. ಮೊದಲ ಸಲ ಎಲ್ಲ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಕಂಪೈಲ್ ಮಾಡಲು ಹಾಕಿದರೆ ಗಾಂಧಿ ಬಜಾರಿಗೆ ಹೋಗಿ ಕಾಫಿ ಕುಡಿದು ತರಕಾರಿ ತಂದರೂ ಮುಗಿದಿರುವುದಿಲ್ಲ, ಅಷ್ಟು ಹೊತ್ತೂ ಫ್ಯಾನ್ ಕೂಗುತ್ತಿರುತ್ತದೆ. ಆಮೇಲೆ ಬದಲಾದ ಭಾಗವನ್ನು ಮಾತ್ರ ಮಾಡಿಕೊಳ್ಳುತ್ತದೆ, ನಿಜ, ಆದರೂ ಗೋ ಭಾಷೆಯ ಕಂಪೈಲರ್ ಬಳಸಿದವರಿಗೆ ತಾಳ್ಮೆ ಸಾಲದು. ಡಿಸ್ಕಿನಲ್ಲಿ ಹಲವು ಜಿಬಿ ಜಾಗವನ್ನೂ ತಿನ್ನುತ್ತದೆ. ಈ ನಿಧಾನಕ್ಕೆ ಕಾರಣವಿದೆ. ನಾವು ಬರೆದ ವಿಸ್ತಾರವಾದ ಭಾಷೆಯನ್ನು ಜಿಎಚ್‌ಸಿ ಮೊದಲು ಕೋರ್ ಎಂಬ ಬಹಳ ಚಿಕ್ಕ ಒಳಭಾಷೆಗೆ ಇಳಿಸುತ್ತದೆ. ಅದರಲ್ಲಿರುವುದು ಸುಮಾರು ಹತ್ತು ಬಗೆಯ ರಚನೆಗಳು ಮಾತ್ರ, ಅಲ್ಲಿಯೂ ಪ್ರತಿಯೊಂದಕ್ಕೂ ಟೈಪು ಇರುತ್ತದೆ. ಆ ಕೋರ್ ಅನ್ನು ಮತ್ತೆ ಮತ್ತೆ ಅರೆದು, ಸೋಸಿ, ಸರಳಗೊಳಿಸಿದ ಮೇಲೆಯೇ ಯಂತ್ರದ ಸೂಚನೆಗಳು ಹುಟ್ಟುವುದು. ಮೂವತ್ತು ವರ್ಷ ಕಳೆದರೂ ಆ ಒಳಭಾಷೆ ಉಬ್ಬದೆ ಚಿಕ್ಕದಾಗಿಯೇ ಉಳಿದಿರುವುದು ಪೇಟನ್ ಜೋನ್ಸ್ ಅವರ ಕೆಲಸದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ.

ಎರಡನೆಯ ದೋಷ ಸೂಕ್ಷ್ಮವಾದದ್ದು. ಹ್ಯಾಸ್ಕೆಲ್ ಯಾವ ಲೆಕ್ಕವನ್ನೂ ಕೂಡಲೇ ಮಾಡುವುದಿಲ್ಲ. ಉತ್ತರ ಬೇಕೆಂದು ಯಾರಾದರೂ ಕೇಳುವವರೆಗೆ ಬಾಕಿ ಚೀಟಿ ಬರೆದಿಟ್ಟುಕೊಳ್ಳುತ್ತದೆ. ಕೇಳದ ಲೆಕ್ಕವನ್ನು ಮಾಡದೆಯೇ ಬಿಡುವುದರಿಂದ ಬಹಳ ಕಡೆ ಲಾಭವಿದೆ. ಆದರೆ ಲಕ್ಷ ವೋಚರುಗಳ ಮೊತ್ತ ಕೂಡುವಾಗ ಒಂದರ ಮೇಲೊಂದು ಚೀಟಿ ಪೇರಿಸುತ್ತ ಹೋದರೆ, ಮೊತ್ತ ಒಂದೇ ಸಂಖ್ಯೆಯಾದರೂ ಮೆಮೊರಿ ಬಳಕೆ ಸುಮ್ಮನೆ ಉಬ್ಬುತ್ತ ಹೋಗುತ್ತದೆ. ಆಗಾಗ್ಗೆ ಲೆಕ್ಕ ಚುಕ್ತಾ ಮಾಡುತ್ತ ಹೋಗುವ ಫಂಕ್ಷನ್ ಬೇರೆ ಇದೆ, ಹೆಸರಿನ ಕೊನೆಗೆ ಒಂದು ಚಿಕ್ಕ ಗೀಟು ಅಷ್ಟೇ ವ್ಯತ್ಯಾಸ. ಆ ಗೀಟಿನ ಬೆಲೆ ತಿಳಿಯಲು ನನಗೆ ಎರಡು ರಾತ್ರಿ ಬೇಕಾಯಿತು.

ಸಂಘದಲ್ಲಿ ಹಣ ಕಟ್ಟಿಸಿಕೊಳ್ಳುವ ಕೌಂಟರ್ ಎರಡಿವೆ, ಇಬ್ಬರಿಗೂ ಒಂದೇ ರಸೀದಿ ಸಂಖ್ಯೆ ಹೋಗಬಾರದು. ಇದಕ್ಕೆ 2005ರಲ್ಲಿ ಟಿಮ್ ಹ್ಯಾರಿಸ್, ಸೈಮನ್ ಮಾರ್ಲೋ, ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ ಪ್ರಕಟಿಸಿದ ಮೆಮೊರಿ ವಹಿವಾಟಿನ ವಿಧಾನವನ್ನು ಬಳಸಿದ್ದೇನೆ; ಅದರಲ್ಲಿ ಹಲವು ಹೆಜ್ಜೆಗಳ ಬದಲಾವಣೆ ಒಂದೇ ಏಟಿಗೆ ಪೂರ್ತಿಯಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಬೀಗ ಹಾಕುವ, ತೆಗೆಯುವ ಕೋಡ್ ಬರೆಯದೆಯೇ ಮೂರು ವರ್ಷದಲ್ಲಿ ಒಂದು ಸಂಖ್ಯೆಯೂ ಎರಡಾಗಿಲ್ಲ.

ಪೇಟನ್ ಜೋನ್ಸ್ 1998ರಲ್ಲಿ ಗ್ಲಾಸ್ಗೋ ಬಿಟ್ಟು ಕೇಂಬ್ರಿಡ್ಜ್‌ನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಜಿಎಚ್‌ಸಿ ಮಾತ್ರ ಎಲ್ಲರಿಗೂ ತೆರೆದ ಕೋಡ್ ಆಗಿಯೇ ಉಳಿಯಿತು, ಇಂದಿಗೂ ಉಚಿತ. ಅಲ್ಲಿದ್ದಾಗ ಅವರು ಕೈಹಾಕಿದ ಇನ್ನೊಂದು ಕೆಲಸ ನಮ್ಮ ಗುಮಾಸ್ತರ ಮೇಜಿನ ಮೇಲೂ ಇದೆ. ಎಕ್ಸೆಲ್ ಬಳಸುವವರೂ ಪ್ರೋಗ್ರಾಮರ್‌ಗಳೇ, ಅವರಿಗೂ ತಮ್ಮದೇ ಫಂಕ್ಷನ್ ಕಟ್ಟಿಕೊಳ್ಳುವ ಸೌಕರ್ಯ ಬೇಕು ಎಂದು 2003ರ ಒಂದು ಪ್ರಬಂಧದಲ್ಲಿ ಜೊತೆಗಾರರೊಡನೆ ವಾದಿಸಿದ್ದರು. ಎಕ್ಸೆಲ್‌ಗೆ ಆ ಸೌಕರ್ಯ ಕೊಡುವ ಲ್ಯಾಂಬ್ಡಾ ಬರುತ್ತದೆಂದು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2020ರ ಡಿಸೆಂಬರಿನಲ್ಲಿ. ಹದಿನೇಳು ವರ್ಷ ಒಂದು ಮಾತನ್ನು ಬಿಡದೆ ಹಿಡಿದುಕೊಂಡಿರುವುದು, ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸುವುದೇ ರೂಢಿಯಾಗಿರುವ ನಮ್ಮ ಊರಿನವನಾದ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳಿಗೆ ಸಾಫ್ಟ್‌ವೇರ್ ಬಳಕೆಯ ಬದಲು ಕಂಪ್ಯೂಟರ್ ವಿಜ್ಞಾನವನ್ನೇ ಕಲಿಸಬೇಕೆಂದು ದುಡಿದವರಲ್ಲಿಯೂ ಅವರು ಮುಂದಾಳು. ಅಲ್ಲಿ 2014ರಿಂದ ಹೊಸ ಪಠ್ಯಕ್ರಮ ಬಂತು. 2016ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 2021ರಲ್ಲಿ ಕಂಪ್ಯೂಟರ್ ಆಟಗಳ ಕಂಪನಿ ಎಪಿಕ್ ಗೇಮ್ಸ್ ಸೇರಿ ಈಗ ವರ್ಸ್ ಎಂಬ ಹೊಸ ಭಾಷೆಯ ಕೆಲಸದಲ್ಲಿದ್ದಾರೆ.

ಇದನ್ನು ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಜಾವಾ, ಪೈಥಾನ್ ಕಲಿತಷ್ಟು ಸುಲಭವಾಗಿ ಸಿಗುವುದಿಲ್ಲ. ಪಾವತಿಗಳ ತಂತ್ರಾಂಶ ಕಟ್ಟುವ ಇಲ್ಲಿನ ಜಸ್‌ಪೇ ಕಂಪನಿ ಹ್ಯಾಸ್ಕೆಲ್ ಬಳಸುತ್ತದೆ, ಆದರೆ ಅಂಥ ಕಡೆಗಳು ಕಡಿಮೆ. ಮೂರು ತಿಂಗಳಲ್ಲಿ ಸಂದರ್ಶನಕ್ಕೆ ಕೂರಬೇಕಾದವರಿಗೆ ನಾನಿದನ್ನು ಹೇಳುವುದಿಲ್ಲ. ಹಣ, ಔಷಧದ ಪ್ರಮಾಣ, ಭೂಮಿಯ ಅಳತೆ ಹೀಗೆ ತಪ್ಪಾದರೆ ಯಾರಿಗೋ ಪೆಟ್ಟು ಬೀಳುವ ಲೆಕ್ಕಗಳನ್ನು ಬರೆಯುವವರಿಗೆ ಖಂಡಿತ ಹೇಳುತ್ತೇನೆ. ಹಾಕಿಕೊಳ್ಳುವಾಗ ಜಿಎಚ್‌ಸಿಅಪ್ ಎಂಬ ಸಾಧನದ ಮೂಲಕ, ಅದು ಶಿಫಾರಸು ಮಾಡುವ ಆವೃತ್ತಿಯನ್ನೇ ಹಾಕಿ. ತೀರಾ ಹೊಸ ಆವೃತ್ತಿ ಹಾಕಿದರೆ ಬೇಕಾದ ಲೈಬ್ರರಿಗಳು ಅದಕ್ಕೆ ಇನ್ನೂ ಹೊಂದಿಕೊಂಡಿರುವುದಿಲ್ಲ.

ಈಚೆಗೆ ಕಾರ್ಯದರ್ಶಿಗಳ ಮೊಮ್ಮಗಳು, ಬಿಸಿಎ ಎರಡನೆಯ ವರ್ಷದ ಹುಡುಗಿ, ಶನಿವಾರಗಳಂದು ಈ ಕೋಡ್ ನೋಡಲು ಬರುತ್ತಿದ್ದಾಳೆ. ಮೊದಲ ದಿನ ಅರ್ಧ ಗಂಟೆ ಓದಿ, ‘ಅಂಕಲ್, ಇದರಲ್ಲಿ ಲೂಪ್ ಎಲ್ಲಿದೆ?’ ಎಂದು ಕೇಳಿದಳು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆ ರಚನೆ ಇದರಲ್ಲಿ ಇಲ್ಲ ಎಂದೆ. ಪಟ್ಟಿಯ ಪ್ರತಿ ಸದಸ್ಯರಿಗೂ ಬಡ್ಡಿಯ ಫಂಕ್ಷನ್ ಅನ್ವಯಿಸುವ ಒಂದು ಸಾಲನ್ನು ತೋರಿಸಿದಾಗ, ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಸಿ ಭಾಷೆಯಲ್ಲಿ ಬಿಡಿಸಿ ಬರೆದು ಪಕ್ಕದಲ್ಲಿಟ್ಟು ನೋಡಿದಳು. ಎರಡು ತಿಂಗಳು ಕಳೆದಿವೆ. ಏಪ್ರಿಲಿನಿಂದ ಸಂಘದಲ್ಲಿ ಚಿನ್ನದ ಸಾಲಕ್ಕೆ ಬೇರೆ ದಂಡಬಡ್ಡಿ ಬರಲಿದೆ, ಆ ಬದಲಾವಣೆಯನ್ನು ಅವಳಿಗೇ ಬಿಟ್ಟೆ. ಸಾಲದ ಬಗೆಗಳ ಟೈಪಿಗೆ ಅವಳು ಒಂದು ಹೊಸ ಹೆಸರು ಸೇರಿಸಿ ಎಚ್ಚರಿಕೆಗಳನ್ನೆಲ್ಲ ತೋರಿಸು ಎಂಬ ಆಯ್ಕೆಯೊಡನೆ ಕಂಪೈಲ್ ಮಾಡಿದಳು. ಈ ಹೊಸ ಬಗೆಯ ಬಗ್ಗೆ ಇನ್ನೂ ಏನೂ ಹೇಳದ ಜಾಗಗಳೆಂದು ಜಿಎಚ್‌ಸಿ ಏಳು ಕಡೆ ತೋರಿಸಿತು. ಅದರಲ್ಲಿ ಒಂದು, ವಾರ್ಷಿಕ ಸಭೆಯ ವರದಿಯ ಕೋಷ್ಟಕದಲ್ಲಿರುವುದು, ನನಗೂ ಮರೆತುಹೋಗಿತ್ತು. ಐದನ್ನು ಮುಗಿಸಿದ್ದಾಳೆ, ಉಳಿದ ಎರಡಕ್ಕೆ ಈ ಶನಿವಾರ ಬರುತ್ತಾಳೆ.